ಅಳುವಿಗೆ ಎಷ್ಟು ಅಂಕ?

ಮಕ್ಕಳಿಗೆ ಪ್ರಶ್ನೆ ಕೇಳಲು ಹೋಗಿ ಪೇಚಿಗೆ ಸಿಲುಕದೆ ತಿರುಗಿ ಬಂದವರನ್ನು ನಾನಂತೂ ಕಂಡಿಲ್ಲ. ತೊಂಬತ್ತರ ದಶಕದ ಆರಂಭದಲ್ಲಿ, ಮನಶ್ಶಾಸ್ತ್ರದ ಸಂಶೋಧನೆಗೆಂದು, ಮಕ್ಕಳ ದುಃಖ, ಭಯ ಅಳೆಯುವ ಪ್ರಶ್ನಾವಳಿ ಹಿಡಿದು ಚಿಕ್ಕೋಡಿ ಸುತ್ತಿನ ಶಾಲೆಗಳಿಗೆ ಅಲೆಯುತ್ತಿದ್ದೆ. ‘ಇಲ್ಲ’ ಅಂದರೆ ಸೊನ್ನೆ, ‘ಒಮ್ಮೊಮ್ಮೆ’ಗೆ ಒಂದು, ‘ಯಾವಾಗಲೂ’ಗೆ ಎರಡು. ಮೊತ್ತ ಹೆಚ್ಚಿದಷ್ಟೂ ಮಗುವಿನ ಸಂಕಟ ಹೆಚ್ಚು.

ಯಾವ ಕಾಕಿ?

ಪ್ರಶ್ನೆಗಳನ್ನು ಕನ್ನಡಕ್ಕೆ ತಂದವನು ನಾನೇ. ಪಕ್ಕಾ ಪುಸ್ತಕದ ಕನ್ನಡ. ನಿಪ್ಪಾಣಿಯಲ್ಲಿ, ಮನೆಯಲ್ಲಿ ಮರಾಠಿ ಆಡುವ, ಚಿಕ್ಕಮ್ಮನಿಗೆ ‘ಕಾಕಿ’ ಅನ್ನುವ ಒಬ್ಬ ಹುಡುಗಿಗೆ ಗಂಭೀರವಾಗಿ ಓದಿದೆ: “ನಿನ್ನನ್ನು ಏಕಾಕಿತನ ಕಾಡುತ್ತದೆಯೇ?”

“ಏಕ್ ಕಾಕಿ ಅಲ್ರಿ ಸರ್, ನಮ್ಮನ್ಯಾಗ ದೋನ್ ಕಾಕಿ ಅದಾರ. ಸಣ್ಣಾಕಿ ಭಾಳ ಕಾಡ್ತಾಳ.”

ಅಭ್ಯಾಸಬಲ, “ಒಮ್ಮೊಮ್ಮೆಯೋ, ಯಾವಾಗಲೂನೋ?” ಅಂದುಬಿಟ್ಟೆ.

“ದೀಪಾವಳಿಗೆ ತವರಿಗೆ ಹೋದಾಗ ಬಿಟ್ರ ಯಾವಾಗಲೂರಿ!”

ಮುಖದ ಹಾಳೆ

ಓದು ಬಾರದ ಸಣ್ಣವರಿಗೆ ಬೇರೆ ಹಾಳೆ. ನಗುವುದರಿಂದ ಅಳುವುದರವರೆಗೆ ಐದು ಮುಖ. ಇವತ್ತು ತಾನು ಯಾವುದು ಅಂತ ಮಗು ಗುರುತು ಹಾಕಬೇಕು. ಅಂಕಲಿಯ ಒಂದನೇ ಕ್ಲಾಸಿನ ಹುಡುಗಿಯೊಬ್ಬಳು ಗುರುತೇ ಹಾಕಿರಲಿಲ್ಲ. ಅಳುವ ಮುಖದ ಸೊಟ್ಟ ಬಾಯಿಯ ಮೇಲೆ ಪೆನ್ಸಿಲ್ ಒತ್ತಿ ಒತ್ತಿ ನಗು ಬರೆದಿದ್ದಳು.

“ಯಾಕವ್ವಾ?”

“ಆಗಿಂದ ಅಳಾಕತ್ತಿತ್ರಿ. ನೀವೂ ಸುಮ್ನ ನಿಂತಿದ್ರಿ.”

ಆ ಹಾಳೆಗೆ ಎಷ್ಟು ಅಂಕ ಕೊಡಬೇಕೆಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ಹೆಚ್ಚು ಅಂಕ ಪಡೆದಾಕಿ

ಜುಗೂಳದಲ್ಲಿ ಹನ್ನೆರಡರ ಹುಡುಗಿಯೊಬ್ಬಳು, ತಾಯಿ ತೀರಿಕೊಂಡ ಮೇಲೆ ಮಾತೇ ಬಿಟ್ಟಿದ್ದಳು. ಮಾಸ್ತರರು ಮೈಗಳ್ಳಿ ಅನ್ನುತ್ತಿದ್ದರು. ಬಾಯಿ ಬಿಡದೆ ಹಾಳೆಯ ಮೇಲೆ ಗುರುತು ಹಾಕಿದ ಆಕೆಯ ಮೊತ್ತವೇ ಇಡೀ ಕ್ಲಾಸಿಗೆ ಹೆಚ್ಚು. ನೋಡಿ ಮನಸ್ಸು ತಡೆಯದೆ ಮನೆಗೆ ಹೋದೆ. ತಾಯಿಯ ತಾಯಿ, ಆಕೆ ‘ಆಯಿ’ ಅನ್ನುವ ಮುದುಕಿ, ಪುಂಡಿಪಲ್ಯದ ಸೊಪ್ಪು ಸೋಸುತ್ತಿದ್ದಳು.

“ಕೂಸಿಗೆ ಏನ್ ಕೇಳಿದ್ರಿ? ನನಗೂ ಕೇಳ್ರಿ.”

ಕೇಳಿದೆ. ಅಳು ಬರತೈತೇನು? “ಯಾವಾಗಲೂ.” ನಿದ್ದಿ ಹತ್ತುದಿಲ್ಲೇನು? “ಯಾವಾಗಲೂ.” ಒಬ್ಬಾಕಿನ ಅದೇನಿ ಅನಸ್ತೈತೇನು? ಮುದುಕಿಯ ಕೈ ನಿಂತಿತು. “ಮಗಳು ಹ್ವಾದಾಗಿಂದ, ಯಾವಾಗಲೂ.”

ಬಾಗಿಲಲ್ಲಿ ನಿಂತಿದ್ದ ಹುಡುಗಿ ಅಜ್ಜಿಯನ್ನೇ ನೋಡುತ್ತಿದ್ದಳು. ಅಜ್ಜಿಯೂ ಅಳುತ್ತಾಳೆಂದು ಆಕೆಗೆ ಗೊತ್ತೇ ಇರಲಿಲ್ಲ.

ಉಳಿದ ಪ್ರಶ್ನೆಗಳನ್ನೂ ಮುಗಿಸಿ, ಕೂಡಿಸಿ ಹೇಳಿದೆ: “ಮೊಮ್ಮಗಳಿಗಿಂತ ನಿಮಗ ಐದು ಹೆಚ್ಚ ಬಂದಾವ್ರಿ.”

ಮುದುಕಿಯ ಮುಖ ಅರಳಿತು. “ನೋಡಬೇ! ಸಾಲಿ ಕಟ್ಟಿ ಹತ್ತದಾಕಿ ನಾ, ನಿನಗಿಂತ ಹೆಚ್ಚ ತಗೊಂಡೇನಿ!”

ತಿಂಗಳುಗಟ್ಟಲೆ ಬಾಯಿ ಬಿಡದ ಹುಡುಗಿ ಕಿಸಕ್ಕನೆ ನಕ್ಕಳು. “ಆಯಿ, ಇದರಾಗ ಹೆಚ್ಚ ತಗೊಂಡಾಕಿನ ನಾಪಾಸು!”

“ಹೌದೇನು?” ಮುದುಕಿ ಪಲ್ಯ ಸರಿಸಿ ಪಕ್ಕದಲ್ಲಿ ಜಾಗ ಮಾಡಿದಳು. “ಹಂಗಾರ ನೀನೂ ನಾಪಾಸು, ನಾನೂ ನಾಪಾಸು. ಬಾ, ಒಂದ ಕ್ಲಾಸಿನ್ಯಾಗ ಕೂಡೂಣು.”