ದೊಡ್ಡತ್ತೆ ಬಿಚ್ಚಿಸಿದ ಗಂಟುಗಳು

ನಮ್ಮ ದೊಡ್ಡತ್ತೆಯನ್ನು ಯಾವ ಬ್ಯಾಂಕಿನವರೂ ಒಳಗೆ ಬಿಟ್ಟುಕೊಳ್ಳಬಾರದು! ಅವರೇನು ಕಳ್ಳಿಯಲ್ಲ. ಅಕ್ಕಪಕ್ಕದಲ್ಲಿ ಯಾರಿಗಾದರೂ ಹೆರಿಗೆ ನೋವು ಬಂದರೆ ಸಾಕು, ಕಣ್ಣಿಗೆ ಬಿದ್ದ ಬೀಗವನ್ನೆಲ್ಲ ತೆಗೆಸಿಬಿಡುತ್ತಾರೆ. ಕಟ್ಟಿದ್ದು, ಮುಚ್ಚಿದ್ದು ಸುತ್ತಲಿದ್ದರೆ ಕೂಸಿಗೆ ದಾರಿ ಸಿಗುವುದಿಲ್ಲವಂತೆ.

ಇವರು ನನ್ನ ಗಂಡನ ಸೋದರತ್ತೆ, ಚೋರನೂರಿನವರು. ನಾನು ಮೈಸೂರಿನ ಕಡೆಯವಳು. ಹೆರುವಾಗ ಹಲ್ಲು ಕಚ್ಚಿಕೊಂಡಿರಬೇಕು, ಕೂಗಬಾರದು ಎಂಬುದು ನಮ್ಮ ಮನೆಯ ಕಾನೂನು. ನಾನು ಹುಟ್ಟಿದ್ದು ಪಕ್ಕದ ಮನೆಯವರಿಗೆ ತಿಳಿದದ್ದು ನನ್ನ ಅಳು ಕೇಳಿದ ಮೇಲೆಯೇ ಎಂದು ಅಮ್ಮ ಇಂದಿಗೂ ಹೆಮ್ಮೆಪಡುತ್ತಾಳೆ.

ಅದಿರಿನ ಭರಾಟೆಯ ಕಾಲವದು. ಗಂಡನಿಗೆ ಸಂಡೂರಿನ ಗಣಿಯಲ್ಲಿ ಕೆಲಸ. ನನ್ನನ್ನು ತವರಿಗೆ ಕಳಿಸಲು ಟಿಕೆಟ್ ತೆಗೆಸಿದ್ದರು. ಕೂಸು ಕಾಯಬೇಕಲ್ಲ? ಎಂಟನೇ ತಿಂಗಳಲ್ಲೇ ಒಂದು ಬೆಳಿಗ್ಗೆ ನೋವು ಶುರುವಾಯಿತು! ಗಂಡ ಗುಡ್ಡದ ಮೇಲಿದ್ದರು. ಹೊಸಪೇಟೆಯ ಡಾಕ್ಟರ ಬಳಿ ಹೋಗಿ ಎಂದು ಜೀಪು ಕಳಿಸಿದರು. ಹೊರಡುವ ಮೊದಲು ದೊಡ್ಡತ್ತೆ ಬೀರು, ಟ್ರಂಕು, ಉಪ್ಪಿನಕಾಯಿ ಭರಣಿ ಎಲ್ಲದರ ಬಾಯಿ ತೆರೆದಿಟ್ಟರು. ಡ್ರೈವರನ ಬೂಟಿನ ಲೇಸನ್ನೂ ಬಿಡಲಿಲ್ಲ. ಹಾಗೆ ಜೋಲಾಡುವ ಲೇಸಿನಲ್ಲಿ ಅವನು ಬ್ರೇಕು ತುಳಿಯುತ್ತಿದ್ದರೆ ನನಗೆ ನೋವಿಗಿಂತ ಅದರದೇ ಭಯ!

ದಾರಿಯಲ್ಲಿ ಜೀಪು ನಿಂತೇಬಿಟ್ಟಿತು. ಮುಂದೆ ಅದಿರಿನ ಲಾರಿಗಳು, ಹಿಂದೆಯೂ ಅವೇ. ಅಷ್ಟರಲ್ಲಿ ನನಗೆ ನೀರು ಹೋಯಿತು. ತುಂಬದ ಕೂಸು ಈ ಕೆಂಪು ಧೂಳಿನಲ್ಲಿ ಹುಟ್ಟಿದರೆ ಬದುಕುತ್ತದೆಯೇ? ನಾನು ಸೆರಗು ಕಚ್ಚಿ ಕುಳಿತಿದ್ದೆ.

"ಬಾಯಾಗಿಂದು ತಗಿ. ಒದರು. ನೋವು ನುಂಗಿದ್ರ ಕೂಸೂ ಒಳಗ ಕುಂದರ್ತದ" ಎಂದು ದೊಡ್ಡತ್ತೆ ಗದರಿದರು. ನನ್ನಿಂದಾಗಲಿಲ್ಲ. ಅವರು ಜೀಪಿನಿಂದ ಇಳಿದು ಹೋದರು.

ಎಲ್ಲಿಗೆ ಅಂದಿರಿ? ಲಾರಿಗಳ ಅದಿರಿಗೆ ಹೊದಿಸಿದ್ದ ತಾಡಪತ್ರಿಯ ಹಗ್ಗ ಬಿಚ್ಚಿಸಲು! ಅಷ್ಟು ಗಂಟುಗಳ ನಡುವೆ ಕೂಸು ಹೇಗೆ ಬಂದೀತು?

"ಮಣ್ಣು ಹಾರ್ತದ್ರಿ ಅಮ್ಮಾ" ಎಂದ ಒಬ್ಬ ಡ್ರೈವರ್.

"ಹಾರ್ಲಿ ಬಿಡಪ್ಪ. ನಮ್ಮ ಕೂಸು ಇಳೀಬೇಕು."

ಇದ್ಯಾವ ಹುಚ್ಚು ಮುದುಕಿ ಎಂದು ಬೈಯಲು ನಾಲ್ಕಾರು ಮಂದಿ ಕೆಳಗಿಳಿದು ಅವರ ಹಿಂದೆಯೇ ಬಂದರು. ಜೀಪಿನೊಳಗೆ ಇಣುಕಿದರು. ಆಗ ಬಂದ ನೋವಿಗೆ ನನ್ನ ಸೆರಗು ಬಾಯಿಂದ ಜಾರಿತು. ಅಮ್ಮನ ಹೆಮ್ಮೆಗೆ ಅಲ್ಲೇ ಮಂಗಳ ಹಾಡಿಬಿಟ್ಟೆ! ಬೈಯಲು ಬಂದವರೇ ದಾರಿ ಬಿಡಿಸಲು ಮುಂದಕ್ಕೆ ಓಡಿದರು. ಒಂದೊಂದೇ ಲಾರಿ ರಸ್ತೆಯ ಬದಿಗೆ ಇಳಿಯಿತು. ಬಿಚ್ಚಿದ ಹಗ್ಗಕ್ಕೋ, ನನ್ನ ಕೂಗಿಗೋ, ಅಂತೂ ದಾರಿಯಾಯಿತು.

ಆಸ್ಪತ್ರೆ ಮುಟ್ಟಿದ ಸ್ವಲ್ಪ ಹೊತ್ತಿಗೇ ಮಗಳು ಹುಟ್ಟಿದಳು. ಅಳಲಿಲ್ಲ. ನರ್ಸು ಅವಳ ಬೆನ್ನು ತಿಕ್ಕುತ್ತಲೇ ಇದ್ದಳು. ಯಾರೂ ನನ್ನ ಮುಖ ನೋಡಲಿಲ್ಲ. ಕೊನೆಗೆ ಎಳೆಯ ದನಿಯೊಂದು ಕೇಳಿತು, ನಾನೂ ಅತ್ತುಬಿಟ್ಟೆ.

ಆಮೇಲೆ ದೊಡ್ಡತ್ತೆಯನ್ನು ಒಳಗೆ ಬಿಟ್ಟರು. ಇನ್ನೇನು ಬಿಚ್ಚುತ್ತಾರೋ ಎಂದುಕೊಂಡೆ. ಅವರು ಕೂಸನ್ನು ನೋಡಿದರು, ನನ್ನನ್ನು ನೋಡಿದರು, ಕೆದರಿದ್ದ ನರೆಗೂದಲನ್ನು ತುರುಬು ಕಟ್ಟಲು ಹೋದರು. ಕೂದಲು ಬೆರಳುಗಳಿಂದ ಮತ್ತೆ ಮತ್ತೆ ಜಾರಿತು.

"ಭಾಳ ಅಂಜಿದ್ದೆ ನನ್ನವ್ವಾ" ಎಂದರು. "ನೀ ನೋಡಿದ್ರ ಅಂಜತಿ ಅಂತ ಲಾರಿ ಕಡೆ ಹೋದೆ."

ಅವರನ್ನು ಮಂಚದ ಅಂಚಿಗೆ ಕೂರಿಸಿಕೊಂಡೆ. ಮಲಗಿದ್ದಲ್ಲಿಂದಲೇ ಎರಡೂ ಕೈ ಚಾಚಿ ಅವರ ತುರುಬು ಕಟ್ಟಿದೆ.