ಪೇಪರ್ ಅಳೆಯುವ ಮಾವ

ನಮ್ಮ ಸೋದರಮಾವ ದಿನಪತ್ರಿಕೆಯನ್ನು ಓದುವುದಿಲ್ಲ, ಅಳೆಯುತ್ತಾರೆ!

ತಮಾಷೆಯಲ್ಲ. ಸಿರುಗುಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ಅವರದೊಂದು ಟೈಲರ್ ಅಂಗಡಿ ಇದೆ. ಬೆಳಿಗ್ಗೆ ಹೊಲಿಗೆ ಮಷೀನಿನ ಮೇಲೆ ಪೇಪರ್ ಹಾಸಿ, ಕೊರಳಲ್ಲಿದ್ದ ಟೇಪು ತೆಗೆದು, ಸುದ್ದಿಯ ನೆತ್ತಿಯಿಂದ ಪಾದದವರೆಗೆ ಹಿಡಿಯುತ್ತಾರೆ. "ಸತ್ತವರಿಗೆ ಎರಡಿಂಚು, ಸೀರಿ ಅಂಗಡಿಗೆ ಅರ್ಧ ಪುಟ. ಏಮಿರಾ ಇದು!" ಎಂದು ತೆಲುಗು ಬೆರೆಸಿ ನಿಟ್ಟುಸಿರು ಬಿಡುತ್ತಾರೆ. ಇಷ್ಟಕ್ಕೇ ನಿಂತಿದ್ದರೆ ನಾನು ನೆಮ್ಮದಿಯಿಂದ ಇರುತ್ತಿದ್ದೆ. ಆದರೆ ಅವರು ಅಳೆಯುತ್ತಿದ್ದ ಪೇಪರಿನ ಪುಟ ಕಟ್ಟುವವನು ಯಾರು? ಬಳ್ಳಾರಿಯ ಆಫೀಸಿನಲ್ಲಿ ಕುಳಿತ ನಾನೇ! ಮೊದಲ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಪ್ರತಿಯನ್ನು ಪುಕ್ಕಟೆಯಾಗಿ ಅವರಿಗೆ ಕಳಿಸುತ್ತಿದ್ದವನೂ ನಾನೇ! ಓಣಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದು ಎಂದರೆ ಇದೇ ಅಲ್ಲವೇ?

ಆಗ ಲೋಕಸಭಾ ಚುನಾವಣೆ ಬಂತು. ನಮ್ಮ ಪೇಪರಿನ ಮಾಲೀಕರು ನನ್ನನ್ನು ಕರೆದು ಎರಡೇ ಮಾತು ಹೇಳಿದರು. ಒಬ್ಬ ಅಭ್ಯರ್ಥಿಗೆ 'ಮನೆ ಮಗ' ಎಂದು ಬರೆಯಬೇಕು. ಇನ್ನೊಬ್ಬರಿಗೆ 'ಹೊರಗಿನವರು' ಎಂದು ಬರೆಯಬೇಕು. ಮನೆ ಮಗ ಹುಟ್ಟಿದ್ದು ಕುರುಗೋಡಿನಲ್ಲಿ, ನಿಜ. ಆದರೆ ಆ ಮನೆಯ ಬೀಗ ತುಕ್ಕು ಹಿಡಿದು ಎಷ್ಟೋ ವರ್ಷವಾಗಿತ್ತು. ಹೊರಗಿನವರು ಬೇರೆ ಜಿಲ್ಲೆಯ ಒಬ್ಬ ಹೆಣ್ಣುಮಗಳು. ಪಾರ್ವತಿನಗರದಲ್ಲಿ ಬಾಡಿಗೆ ಮನೆ ಹಿಡಿದು ಓಡಾಡುತ್ತಿದ್ದರು. ಇಬ್ಬರಲ್ಲಿ ಯಾರು ಒಳ್ಳೆಯವರೋ ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಒಂದೇ: ಡಿಗ್ರಿ ಮುಗಿಸಿ ಎರಡು ವರ್ಷ ಅಲೆದ ಮೇಲೆ ಸಿಕ್ಕ ಕೆಲಸ ಇದು. ಹೇಳಿದಂತೆ ಕಟ್ಟಿದೆ.

ಮರುದಿನವೇ ಮಾವನ ಫೋನು.

"ಲೇ, ನಿನ್ನೆ ಕುರುಗೋಡದಾಗ ಆ ಹೆಣ್ಮಗಳ ಸಭೆ ಆತು. ಲಗ್ನದ ಅಂಗಿ ಕೊಡಾಕ ಹೋಗಿದ್ದೆ, ನಾನೇ ಕಣ್ಣಾರೆ ನೋಡೀನಿ. ನಿಂದರಾಕ ಜಾಗ ಇರಲಿಲ್ಲ. ನಿಮ್ಮ ಪೇಪರ್‌ನಾಗ ಎಷ್ಟು ಬಂದೈತಿ ಗೊತ್ತೇನು? ಒಂದೂವರಿ ಇಂಚು! ಅದರಾಗ ಗುಂಡಿಗೆ ಒಂದು ಕಾಜಾ ಹೊಡಿಯಾಕೂ ಆಗಂಗಿಲ್ಲ!"

"ಪುಟದಾಗ ಜಾಗ ಇರಲಿಲ್ರಿ, ಮಾವ."

"ಮತ್ತ ಮನಿ ಮಗ ಕೊಳಗಲ್ಲಿನಾಗ ಎಳನೀರು ಕುಡ್ಯೋ ಫೋಟೋಕ್ಕ ಹದಿನೆಂಟು ಇಂಚು ಎಲ್ಲಿಂದ ಬಂತು? ಏನು, ಎಳನೀರಿನಾಗ ಈಜಾಡ್ತಿದ್ನೇನು?"

ನಾನು ಫೋನಿನ ಮೇಲೆ ಕೈ ಮುಚ್ಚಿ ಸುತ್ತ ನೋಡಿದೆ. ಯಾರೂ ಕೇಳಿಸಿಕೊಂಡಿರಲಿಲ್ಲ. ಆದರೂ ಅಂದಿನಿಂದ ಫೋನು ಬಡಿದರೆ ಸಾಕು, ಎತ್ತಿಕೊಂಡು ಹೊರಗಿನ ಮೆಟ್ಟಿಲಿಗೆ ಓಡುತ್ತಿದ್ದೆ.

ಮಾವ ಫೋನಿಗೇ ನಿಲ್ಲುವವರೇ? ಅಂಗಡಿಯ ಬಾಗಿಲಿಗೆ ಎರಡು ಬಟ್ಟೆಪಟ್ಟಿ ಕಟ್ಟಿದರು. ಮನೆ ಮಗನಿಗೆ ಚೌಕಳಿ ಲುಂಗಿಯ ತುಂಡು, ಹೊರಗಿನವರಿಗೆ ಗೀರಿನ ಅಂಗಿಬಟ್ಟೆ. ಪೇಪರಿನಲ್ಲಿ ಎಷ್ಟು ಇಂಚು ಸುದ್ದಿಯೋ ಅಷ್ಟು ಇಂಚು ಬಟ್ಟೆಯನ್ನು ದಿನಾ ಸೇರಿಸಿ ಹೊಲಿಯುವುದು! ಎರಡು ವಾರದಲ್ಲಿ ಚೌಕಳಿ ಪಟ್ಟಿ ನೆಲ ಮುಟ್ಟಿ, ಮೆಟ್ಟಿಲು ಇಳಿದು, ಚರಂಡಿ ದಾಟಿ ರಸ್ತೆಗೆ ಬಂತು. ಗೀರಿನದು ಮೊಳದುದ್ದ ನೇತಾಡುತ್ತಿತ್ತು. ಬಸ್ಸಿಗೆ ಬಂದವರೆಲ್ಲ ನಿಂತು ನೋಡಿ ನಕ್ಕು ಹೋಗುತ್ತಿದ್ದರು. ಒಂದು ದಿನ ಒಂದು ಮೇಕೆ ಬಂದು ಮನೆ ಮಗನ ಎರಡು ದಿನದ ಪ್ರಚಾರವನ್ನು ತಿಂದೇಬಿಟ್ಟಿತು. ಮಾವ ಅಷ್ಟನ್ನೂ ಮತ್ತೆ ಹೊಲಿದು ಸೇರಿಸಿದರು. "ಮೇಕಿ ತಿಂದ್ರ ಅಚ್ಚಾಗಿದ್ದು ಇಲ್ಲಾಂತ ಆಗ್ತೈತೇನು?" ಎಂಬುದು ಅವರ ನ್ಯಾಯ.

ಇದರಲ್ಲಿ ತಲೆ ಚಚ್ಚಿಕೊಳ್ಳುವ ಸಂಗತಿ ಏನು ಗೊತ್ತೇ? ಸಿರುಗುಪ್ಪದ ಓಟು ಕೊಪ್ಪಳ ಕ್ಷೇತ್ರಕ್ಕೆ ಹೋಗುತ್ತದೆ. ಬಳ್ಳಾರಿಯ ಚುನಾವಣೆಯಲ್ಲಿ ಮಾವನಿಗೆ ಓಟೇ ಇಲ್ಲ! ಭಾನುವಾರ ಸಿರುಗುಪ್ಪಕ್ಕೆ ಓಡಿಹೋಗಿ, ಕಾಲು ಹಿಡಿಯುವುದೊಂದು ಬಿಟ್ಟು ಎಲ್ಲ ಮಾಡಿದೆ.

"ಓಟಿಲ್ಲದ ನಿಮಗ್ಯಾಕ ಬೇಕ್ರಿ ಈ ಉಸಾಬರಿ?"

"ಓಟಿಲ್ಲ, ಅದಕ್ಕ ನನ್ನ ಟೇಪು ಸುಳ್ಳು ಹೇಳಂಗಿಲ್ಲ. ಗಿರಾಕಿ ಯಾರಾದ್ರೂ ಇಂಚು ಒಂದೇ."

ಒಳಗಿನಿಂದ ಅತ್ತೆ ಚಹಾ ತಂದರು. "ಬಿಡಪ್ಪ, ಅವ್ರಿಗೆ ಆ ಹೆಣ್ಮಗಳೂ ಬ್ಯಾಡ, ಮನಿ ಮಗನೂ ಬ್ಯಾಡ. ಆ 'ಹೊರಗಿನವ್ರು' ಅನ್ನೋ ಮಾತು ಐತಲ್ಲ, ಅದು ಚುಚ್ಚೈತಿ" ಎಂದರು.

ನನಗೆ ಆಗ ಹೊಳೆಯಿತು. ಮಾವ ಆಂಧ್ರದ ಆದೋನಿಯಿಂದ ಬಂದು ಇಲ್ಲಿ ಮಷೀನು ಹಾಕಿ ನಲವತ್ತು ವರ್ಷವಾಗಿದೆ. ಅರ್ಧ ಊರಿನ ಮದುಮಕ್ಕಳ ಅಂಗಿ ಹೊಲಿದಿದ್ದಾರೆ. ಅಪ್ಪ ತೀರಿಕೊಂಡ ಮೇಲೆ ನನ್ನನ್ನೂ ಇದೇ ಮಷೀನು ತುಳಿದು ಓದಿಸಿದ್ದಾರೆ. ಇಷ್ಟಾದರೂ ಊರಿಗೆ ಅವರು ಇವತ್ತಿಗೂ 'ಆದೋನಿ ಟೈಲರ್'. ಯಾರಾದರೂ ಹಾಗೆಂದರೆ, "ಯಾವ ಆದೋನಿ? ನಾನು ಸಿರುಗುಪ್ಪದವ" ಎಂದು ಜಗಳಕ್ಕೇ ನಿಲ್ಲುತ್ತಾರೆ.

ಇದೆಲ್ಲ ಹೊಳೆದರೂ ನನ್ನ ಹೆದರಿಕೆ ಮಾತ್ರ ಇಳಿಯಲಿಲ್ಲ. ಆ ವಾರವೇ ಯಾರೋ ಪುಣ್ಯಾತ್ಮರು ಪಟ್ಟಿಗಳ ಫೋಟೋ ತೆಗೆದು ವಾಟ್ಸಾಪಿಗೆ ಬಿಟ್ಟರು. ಮಾಲೀಕರು ಫೋನನ್ನು ನನ್ನ ಮುಖಕ್ಕೆ ಹಿಡಿದರು.

"ಯಾರಿವನು? ನೀನೂ ಸಿರುಗುಪ್ಪದವನಲ್ಲೇನು? ನಮ್ಮ ಆಫೀಸಿನಾಗ ಇವನ ಕಡೆಯವ್ರು ಯಾರಾದ್ರೂ ಇದ್ರ, ಅವತ್ತೇ ಮನಿಗೆ ಕಳಿಸ್ತೀನಿ!"

ಬಾಯಿಂದ ಮಾತು ತಾನೇ ಹೊರಗೆ ಬಂತು: "ಗೊತ್ತಿಲ್ರಿ ಧಣಿ. ಯಾರೋ ಹೊರಗಿನವ್ರು."

ಅನ್ನ ಹಾಕಿದವರಿಗೆ ಎಂಥ ಮಾತು ಅಂದೆ! ಆ ದಿನ ಊಟ ಸೇರಲಿಲ್ಲ.

ಮಾಲೀಕರು ಯಾರಿಂದಲೋ ಮಾವನಿಗೆ ಹೇಳಿಕಳಿಸಿದರು. ಮರುದಿನ ಹನ್ನೊಂದಕ್ಕೆ ಮಾವ ಬಂದೇಬಿಟ್ಟರು! ಕೊರಳಲ್ಲಿ ಟೇಪು, ಹೆಗಲಲ್ಲಿ ಚೀಲ, ಚೀಲದಲ್ಲಿ ಸುತ್ತಿದ ಪಟ್ಟಿಗಳು. ನಾನು ಕಂಪ್ಯೂಟರಿನ ಹಿಂದೆ ಆದಷ್ಟು ಕುಗ್ಗಿ ಕುಳಿತೆ. ನಮ್ಮ ಮಾವ ಸುಳ್ಳು ಹೇಳಿದ್ದನ್ನು ನಾನು ಕೇಳಿಯೇ ಇಲ್ಲ. ಬಟ್ಟೆ ಅರ್ಧ ಇಂಚು ಕಡಿಮೆ ಬಿದ್ದರೂ ಗಿರಾಕಿಯ ಮುಖಕ್ಕೇ ಹೇಳುವ ಮನುಷ್ಯ. ಇವತ್ತು ನನ್ನ ಕಥೆ ಮುಗಿಯಿತು ಅಂದುಕೊಂಡೆ.

"ಬೆಳಕು ಹರಿಯೋದ್ರಾಗ ನಿನಗ ಪೇಪರ್ ಯಾರು ಕಳಿಸ್ತಾರ?" ಮಾಲೀಕರು ಗುಡುಗಿದರು.

"ಕೊಂಡ್ಕೊಂತೀನ್ರಿ."

ನಾನು ತಲೆ ಎತ್ತಿದೆ. ಮಾಲೀಕರು ನನ್ನ ಕಡೆ ಬೆರಳು ತೋರಿಸಿದರು. "ಇವನೂ ನಿಮ್ಮೂರವನೇ. ಗುರ್ತು ಐತೇನು?"

ಮಾವ ನನ್ನನ್ನು ನೋಡಿದರು. ನನ್ನ ಮೈಮೇಲೆ ಅವರೇ ಹೊಲಿದ ಅಂಗಿ ಇತ್ತು. ನನ್ನ ಮುಖದಲ್ಲಿದ್ದ ಭಯವನ್ನು ಅಳೆಯಲು ಅವರಿಗೆ ಟೇಪು ಬೇಕಾಗಲಿಲ್ಲ.

"ಇಲ್ರಿ," ಎಂದರು. "ನಾನು ಆದೋನಿಯವ. ಹೊರಗಿನವ. ಈ ಕಡೆ ಹುಡುಗ್ರು ನನಗ ಹೆಂಗ ಗೊತ್ತಿರ್ತಾರ್ರಿ?"

ನಲವತ್ತು ವರ್ಷ ಯಾರ ಬಾಯಿಂದ ಬಂದರೂ ಜಗಳಕ್ಕೆ ನಿಲ್ಲುತ್ತಿದ್ದ ಮಾತು ಅದು! ನನಗಾಗಿ ತಾವೇ ಹೇಳಿಕೊಂಡು, ಚೀಲ ಎತ್ತಿಕೊಂಡು ಬಾಗಿಲಿಗೆ ಹೋದರು. ಹೊಸ್ತಿಲಲ್ಲಿ ತಿರುಗಿ ಮಾಲೀಕರಿಗೆ, "ಆ ಹುಡುಗನ ಎರಡನೇ ಗುಂಡಿ ಸಡಿಲ ಆಗೈತ್ರಿ. ಯಾರಾದ್ರೂ ಟೈಲರ್ ಕಡೆ ಹಾಕಿಸ್ಕೊಳ್ಳಾಕ ಹೇಳ್ರಿ" ಎಂದರು.

ನಾನು ಎದ್ದೆ. ಆಫೀಸಿಗೆಲ್ಲ ಕೇಳುವಂತೆ, "ಮಾವಾ, ನಿಂದರ್ರಿ!" ಎಂದು ಕೂಗಿದೆ.

ಮಾವ ಕಣ್ಣು ಕೆಂಪಗೆ ಮಾಡಿ ತಿರುಗಿದರು. "ಕುಂದ್ರಲೇ ಹುಚ್ಚ! ಜನ್ಮಕ್ಕೊಮ್ಮೆ ಸುಳ್ಳು ಹೇಳಿದ್ದೆ, ಅದನ್ನೂ ಕೆಡಿಸಿದೆಲ್ಲ!"

ಅವರ ಹೆಗಲಿನ ಚೀಲ ಇಸಿದುಕೊಂಡು ನಾನೂ ಮೆಟ್ಟಿಲಿಳಿದೆ.