ಮಗಳ ಮಾತಿಗೆ ಮೂಕವಾದ ಮೈಕಿಗೆ

ಮಗಳ ದುಪಟ್ಟಾದ ಅಂಚಿನಲ್ಲಿ ವಿರಾಜಮಾನರಾಗಿದ್ದ ಮಾನ್ಯ ಮೈಕ್ ಮಹಾಶಯರೇ,

ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಷಡಕ್ಷರಪ್ಪನ ಶರಣು ಶರಣಾರ್ಥಿ. ನನ್ನ ಮಗಳು ಮೇಘಶ್ರೀ ತಾನೇ ಬರೆದು, ಆಡಿಸಿ, ಮಗಳ ಪಾತ್ರವನ್ನೂ ತಾನೇ ವಹಿಸಿದ್ದ ಸಂಸಾರದ ನಾಟಕದಲ್ಲಿ ಕಳೆದ ಭಾನುವಾರ ತಾವು ತೋರಿದ ಕಾರ್ಯದಕ್ಷತೆಯನ್ನು ಊರೇ ಕಂಡಿರುವುದರಿಂದ, ಈ ಪತ್ರವನ್ನೂ ಊರೇ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಅಪ್ಪನ ಪಾತ್ರದ ಜಯದೇವಪ್ಪನವರ ಮೈಕು ಎಷ್ಟು ಸೇವಾನಿಷ್ಠವೆಂದರೆ, ಅವರು ಕಾಫಿ ಹೀರಿದ್ದೂ ಗಂಟಲು ಸರಿಮಾಡಿಕೊಂಡದ್ದೂ ಬಸ್ ಸ್ಟ್ಯಾಂಡಿನವರೆಗೆ ಕೇಳಿಸಿತು. ಬೇಲೂರಿನ ಗಂಡಿನ ಕಡೆಯವರಿಗೆ ಫೋನ್ ಮಾಡಿ, "ನಮ್ಮ ಹುಡುಗಿ ಒಪ್ಪವ್ಳೆ ಕಣ್ರೀ" ಎಂದು ಅವರು ಘೋಷಿಸಿದಾಗ, ಯಜಮಾನ ಅಂದರೆ ಹೀಗಿರಬೇಕು ಎಂದುಕೊಂಡೆ. ಅಷ್ಟರಲ್ಲಿ ಮಗಳು ಎದುರು ಬಂದು ನಿಂತಳು. ಬೆಳಕೆಲ್ಲ ಅವಳ ಮುಖದ ಮೇಲೆ ಬಿತ್ತು, ತುಟಿ ಅಲುಗಿತು, ಕಣ್ಣಲ್ಲಿ ನೀರೂ ಬಂತು. ತಾವು ಮಾತ್ರ ಮೌನವ್ರತ ಹಿಡಿದಿರಿ. ಪೂರಾ ನಾಲ್ಕು ನಿಮಿಷ ಕೇಳಿಸಿದ್ದು ಅಪ್ಪ ಪೇಪರಿನ ಹಾಳೆ ಮಗುಚುವ ಸದ್ದೊಂದೇ.

ನನಗೆ ತಡೆಯಲಾಗಲಿಲ್ಲ. ಮುಂದಿನ ಸಾಲಿನಿಂದ ಎದ್ದು, "ಹುಡುಗಿ ಏನೋ ಹೇಳ್ತಾ ಐತೆ, ಮೈಕ್ ಹಾಕ್ರಲಾ" ಎಂದು ಕೂಗಿದೆ. ಜನ ಚಪ್ಪಾಳೆ ತಟ್ಟಿದರು. ನನ್ನಾಕೆ ಮಹದೇವಮ್ಮ ಅಂಗಿ ಹಿಡಿದೆಳೆದು ಕೂರಿಸಿ, "ಅದು ಕೆಟ್ಟಿಲ್ಲ, ಬೇಕಂತ್ಲೇ ಆಫ್ ಮಾಡವ್ರೆ. ಮನೇಲಿ ಅವಳ ಮಾತು ನಿಮಗೆ ಯಾವತ್ತು ಕೇಳ್ಸೈತೆ?" ಎಂದಳು. ಹೋದ ತಿಂಗಳು ಬೇಲೂರಿಗೆ ಥೇಟ್ ಅದೇ ಫೋನ್ ಮಾಡಿದವನು ನಾನೇ ಎಂಬುದು ಆಗ ಹೊಳೆಯಿತು. ಅಷ್ಟು ಜನರ ನಡುವೆ ನಾಚಿಕೆಯಾಯಿತು.

ಆದಕಾರಣ, ಆ ನಾಲ್ಕು ನಿಮಿಷದಲ್ಲಿ ತಮ್ಮೊಳಗೆ ಬಿದ್ದ ಅವಳ ಮಾತುಗಳನ್ನೆಲ್ಲ ಒಂದಕ್ಷರ ಬಿಡದೆ ಮುಚ್ಚಿದ ಲಕೋಟೆಯಲ್ಲಿ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿಕೊಡಬೇಕಾಗಿ ವಿನಂತಿ. ಅದಾಗದಿದ್ದರೆ ನಮ್ಮ ಮನೆಗೇ ದಯಮಾಡಿಸಿ ನನ್ನ ಅಂಗಿಯ ಕಾಲರಿನಲ್ಲಿ ನೆಲೆಸಿ, ನಾನು ಬಾಯಿ ತೆರೆದಾಗಲೆಲ್ಲ ನನ್ನ ದನಿಯನ್ನು ಇದೇ ದಕ್ಷತೆಯಿಂದ ಅಡಗಿಸಬೇಕು.

ಇಷ್ಟೆಲ್ಲ ಆದಮೇಲೂ ತಮ್ಮ ವಿಶ್ವಾಸಿ,
ಷಡಕ್ಷರಪ್ಪ

ಮರೆತ ಮಾತು: ತಮ್ಮಂಥ ದೊಡ್ಡವರಿಂದ ಉತ್ತರ ಬರುವ ನಂಬಿಕೆಯಿಲ್ಲದೆ, ಇಂದು ಬೆಳಿಗ್ಗೆ ಮಗಳನ್ನೇ ಕೇಳಿಬಿಟ್ಟೆ. "ಏನೂ ಹೇಳ್ಲಿಲ್ಲ ಅಪ್ಪಾಜಿ, ಎರಡರಿಂದ ಇಪ್ಪತ್ತರವರೆಗೆ ಮಗ್ಗಿ ಹೇಳ್ದೆ. ನೀವು ಕೇಳ್ತೀರ ಅಂತ ಗೊತ್ತಿದ್ರೆ ಮಾತು ಬರೀತಿದ್ದೆ" ಎಂದಳು. ಬೇಲೂರಿನವರಿಗೆ ಫೋನ್ ಮಾಡಿ, ಹುಡುಗಿಯನ್ನು ನಾನಿನ್ನೂ ಕೇಳಿಯೇ ಇಲ್ಲ ಎಂದು ಹೇಳಿದ್ದೇನೆ.